ಸತ್ವ ಎಲ್ಲೈತಿ?

ಈ ಸಲ ಅತ್ತೆಗೆ ದುಬೈ ತೋರಿಸುವವಳು ನಾನು! ನಾನೊಬ್ಬಳೇ!

ಯುಗಾದಿಯ ದಿನ, ಹೋಳಿಗೆಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಾನು ಹೀಗೆ ಘೋಷಿಸಿದೆ. ಅಬುಧಾಬಿಯ ಬನಿಯಾಸಿನ ನಮ್ಮ ಪುಟ್ಟ ಫ್ಲಾಟಿನಲ್ಲಿ ಇಂಥ ಘೋಷಣೆ ಹಿಂದೆಂದೂ ಮೊಳಗಿದ್ದಿಲ್ಲ. ತುಪ್ಪ ಬಡಿಸಿಕೊಳ್ಳುತ್ತಿದ್ದ ನಮ್ಮ ಯಜಮಾನರು ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದರು. ಮಗಳು ಶಿವಾನಿ ಮೊಬೈಲಿನಿಂದ ತಲೆ ಎತ್ತಿದಳು. ಅದು ನಮ್ಮ ಮನೆಯಲ್ಲಿ ಗ್ರಹಣದಷ್ಟೇ ಅಪರೂಪ.

"ಅಮ್ಮಾ, ಯೂ? ಟೂರ್ ಗೈಡ್? ಬಟ್ ಯೂ ನೆವರ್ ಟಾಕ್!"

ಮಗಳು ಹೇಳಿದ್ದು ಸುಳ್ಳಲ್ಲ. ನಾನು ಮಾತಿನವಳಲ್ಲ, ಕೇಳಿಸಿಕೊಳ್ಳುವವಳು. ಕೆಳಗಿನ ಮಹಡಿಯ ಮಾರ್ಗರೆಟ್ ಆಂಟಿ ತಮ್ಮ ಎಡಮೊಣಕಾಲಿನ ಸಮಗ್ರ ಇತಿಹಾಸ ಹೇಳಲು ಕೂತರೆ, ಒಲೆಯ ಮೇಲಿನ ಅನ್ನ ಸೀದರೂ ನಾನು ಏಳುವುದಿಲ್ಲ. ಬಲಮೊಣಕಾಲಿನದೂ ಮುಗಿದ ಮೇಲೆಯೇ ಏಳುವುದು. ನನ್ನ ಓದು ಪಿಯುಸಿಗೆ ನಿಂತಿತು. ಆಮೇಲೆ ಕಲಿತದ್ದೆಲ್ಲ ಈ ಎರಡು ಕಿವಿಗಳ ಕೃಪೆ. ದೇವರ ಮುಂದೆ ಕೂತರೂ ಅಷ್ಟೇ. ಬೇಡುವುದು ಕಡಿಮೆ, ಸುಮ್ಮನೆ ಕೂರುವುದು ಹೆಚ್ಚು. ಅವನಿಗೇನಾದರೂ ಹೇಳುವುದಿದ್ದರೆ ಹೇಳಲಿ ಎಂದು.

ಆದರೆ ಈ ದೇಶಕ್ಕೆ ಬಂದ ಹನ್ನೊಂದು ವರ್ಷ ಕಿವಿಯೊಳಗೆ ಹೋದದ್ದು ಒಂದು ದಿನವಾದರೂ ಹೊರಗೆ ಬರಬೇಡವೇ? ರೊಟ್ಟಿ ಬಡಿಯುತ್ತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳೆಯ ದುಬೈನ ಚರಿತ್ರೆಯನ್ನೆಲ್ಲ ಕೇಳಿದ್ದೆ. ಒಂದು ನೋಟುಬುಕ್ಕಿನಲ್ಲಿ ಬರೆದೂ ಇಟ್ಟಿದ್ದೆ. ನಲವತ್ತು ಪುಟ! ಕೇಳುವವರೊಬ್ಬರು ಸಿಗಬೇಕಿತ್ತು, ಅಷ್ಟೇ.

ಸಿಕ್ಕವರು ನಮ್ಮ ಅತ್ತೆ ನಿಂಗವ್ವ. ಗುಳೇದಗುಡ್ಡದಿಂದ ಎರಡು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರಿಗೆ ಇನ್ನೆರಡು ದಿನಕ್ಕೆ ವಿಮಾನ. ಮಗನೇ ದುಬೈ ತೋರಿಸಬೇಕಿತ್ತು. ಆದರೆ ಮಗ ಆಸ್ಪತ್ರೆಯೊಂದರಲ್ಲಿ ಎ.ಸಿ. ಮೇಂಟೆನೆನ್ಸ್ ನೋಡುವವರು. ಈ ವರ್ಷ ಯುಗಾದಿಯೂ ಈದೂ ಒಟ್ಟಿಗೇ ಬಂದು, ಊರಿಗೆಲ್ಲ ರಜೆ ಸಿಕ್ಕು, ಇವರೊಬ್ಬರಿಗೆ ಡ್ಯೂಟಿ ಡಬಲ್ ಆಗಿತ್ತು.

ಅದೇ ದಿನ ಬೆಳಿಗ್ಗೆ ಇನ್ನೊಂದು ಘಟನೆ ನಡೆದಿತ್ತು. ನಾನು ಪ್ಯಾಕೆಟ್ಟಿನ ಬೇವಿನ ಪುಡಿಗೆ ಬೆಲ್ಲ, ಪುಟಾಣಿ ಹಿಟ್ಟು ಕಲಸಿ ಎಲ್ಲರಿಗೂ ಕೊಟ್ಟಿದ್ದೆ. ಅತ್ತೆ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ನಿಟ್ಟುಸಿರುಬಿಟ್ಟು ಹೇಳಿದ್ದರು: "ಪ್ಯಾಕೆಟ್ಟಿನ ಬೇವಿನಾಗ ಸತ್ವ ಇಲ್ಲ ಬಿಡವ್ವಾ."

ಸತ್ವ ಇಲ್ಲ! ನನ್ನ ಅಡುಗೆಮನೆಯಲ್ಲಿ ಸತ್ವ ಇಲ್ಲ! ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನ ಹಾಗೆ ನನ್ನೊಳಗೆ ಕೂತುಬಿಟ್ಟಿತ್ತು.

ನನ್ನ ಘೋಷಣೆಯಾದ ಮೇಲೆ ಅತ್ತೆ ಮೆಲ್ಲಗೆ ಅಂದರು: "ದುಬೈಕ್ಕ ಹೋಗೂದಾದ್ರ ನಂಗೊಂದು ಜಾಗಾ ನೋಡೂದೈತಿ ನೋಡವ್ವಾ. ಅದೊಂದು ನೋಡಿದ್ರ ಸಾಕು, ಬಂದದ್ದು ಸಾರ್ಥಕ."

"ಒಂದ್ಯಾಕ್ರಿ ಅತ್ಯಾರ, ಎಲ್ಲಾ ತೋರಸ್ತೀನಿ! ಒಂದೂ ಬಿಡೂದಿಲ್ಲ!"

ಯಾವ ಜಾಗ ಎಂದು ನಾನು ಕೇಳಲಿಲ್ಲ. ಓದುಗರು ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನ್ನ ಮೇಲೆ ಹೂಡುವ ಮೊಕದ್ದಮೆಗೆ ಇದೊಂದೇ ಸಾಕ್ಷಿ ಸಾಕು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಶಿವಾನಿಯನ್ನು ಮಾರ್ಗರೆಟ್ ಆಂಟಿಯ ಮೊಣಕಾಲುಗಳಿಗೆ ಒಪ್ಪಿಸಿ ಹೊರಟೆವು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಸೊಂಟಕ್ಕೆ ಬಟ್ಟೆಯ ಸಂಚಿ. ಅದನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಲೆಅಡಿಕೆ ಇರಬೇಕೆಂದುಕೊಂಡೆ.

ಅಬುಧಾಬಿಯಲ್ಲಿ ದುಬೈ ಬಸ್ಸು ಹತ್ತಿದ ಗಳಿಗೆಯಲ್ಲೇ ನನ್ನ ನೋಟುಬುಕ್ಕಿನ ಮೊದಲ ಪುಟ ಶುರುವಾಯಿತು. "ದುಬೈ ಅಂದ್ರ ಮೊದಲ ಈ ಗಾಜಿನ ಬಿಲ್ಡಿಂಗ್ ಅಲ್ಲರಿ ಅತ್ಯಾರ! ಮೀನ ಹಿಡಿಯೋರು, ಸಮುದ್ರಕ್ಕ ಮುಳುಗಿ ಮುತ್ತು ತಗಿಯೋರು..."

"ಹೌದೇನು! ಅಲ್ಲವ್ವಾ ಮಾಧುರಿ, ನಾ ಹೇಳೂದು..."

"ಮುತ್ತಿಂದು ಮುಗಿಸಿಬಿಡ್ತೀನಿ ತಡೀರಿ!"

ಮುತ್ತಿನದು ಮುಗಿಯುವ ಹೊತ್ತಿಗೆ ಒಂದೂವರೆ ತಾಸಿನ ದಾರಿಯೂ ಮುಗಿದಿತ್ತು. ಹಳೆಯ ದುಬೈನ ಬರ್‌ದುಬೈನಲ್ಲಿ ಇಳಿದವರೇ ಒಂದು ಸಸ್ಯಾಹಾರಿ ಹೋಟೆಲಿಗೆ ಹೋದೆವು. ಈದ್ ರಜೆಯ ಜಾತ್ರೆ ಅಲ್ಲೇ ನೆರೆದಿತ್ತು. ನಾನು ಗತ್ತಿನಿಂದ ಇಡ್ಲಿ ವಡೆ ಹೇಳಿದೆ. ಮಾಣಿ ಎರಡೂ ಅಂಗೈ ತಿರುವಿ ಅಂದ: "ವಡಾ ಮಾಫಿ!"

ಅತ್ತೆ ಗಾಬರಿಯಾದರು. "ಯಾಕವ್ವಾ, ವಡಾ ಏನ್ ತಪ್ಪ ಮಾಡೈತಿ, ಮಾಫಿ ಮಾಡಾಕ?"

ನನಗೆ ನಗು ತಡೆಯಲಾಗಲಿಲ್ಲ. "ತಪ್ಪಲ್ಲರಿ. ಅರಬ್ಬಿ ಮಾತಿನಾಗ ಮಾಫಿ ಅಂದ್ರ 'ಇಲ್ಲ' ಅಂತ. ವಡಾ ಖಾಲಿ ಅಂತ ಹೇಳಾಕತ್ತಾನ. ಇಲ್ಲೆ ಎಲ್ಲಾರೂ ಹಂಗ ಅಂತಾರ, ನಾನೂ ಅಂತೀನಿ."

"ಛಲೋ ಐತಿ ಬಿಡು! ನಾವು ತಪ್ಪ ಐತಿ ಅಂತ ಒಪ್ಪಿಕೊಂಡು ಮಾಫಿ ಮಾಡ್ತೀವಿ. ಇವರು ತಪ್ಪ ಇಲ್ಲಂದು ಮುಗಿಸಿಬಿಡ್ತಾರ." ಅತ್ತೆ ಅಂಗೈ ತಿರುವಿ ಒಮ್ಮೆ ಅಭ್ಯಾಸ ಮಾಡಿದರು. "ಮಾಫಿ!" ಮಾಣಿ ನಕ್ಕು ಹೋದ.

ಇಡ್ಲಿ ಬಂತು. ಅತ್ತೆ ಅರ್ಧ ತಿಂದರು. ಕಿಟಕಿಯ ಆಚೆ ನೋಡಿದರು. ಸಂಚಿ ಮುಟ್ಟಿಕೊಂಡರು. ಆಮೇಲೆ ಆ ಮಾತು ಕೇಳಿದರು.

"ಅಲ್ಲವ್ವಾ, ಸತ್ವ ಎಲ್ಲೈತಿ?"

ಮತ್ತೆ ಸತ್ವ! ನಿನ್ನೆ ಬೇವಿನಲ್ಲಿ ಇರಲಿಲ್ಲ, ಇವತ್ತು ಇಡ್ಲಿಯಲ್ಲಿ ಇಲ್ಲ! ನಾನು ಸೋಲುವವಳೇ? ತುಪ್ಪ ಸುರಿದ ಪೊಂಗಲ್ ತರಿಸಿದೆ. ಅದರ ಮೇಲೆ ಗೋಡಂಬಿ ಹಾಕಿದ ಶಿರಾ. "ತಿನ್ರಿ ಅತ್ಯಾರ, ಇದರಾಗ ಐತಿ ಸತ್ವ!"

ಅತ್ತೆ ಶಿರಾದ ತಟ್ಟೆಯನ್ನು ಅನುಮಾನದಿಂದ ನೋಡಿದರು. "ಇದರಾಗ?" ಅಂದರು. ಆದರೂ ಸೊಸೆ ಇಷ್ಟು ಉಮೇದಿನಿಂದ ತರಿಸಿದ್ದಾಳೆಂದು ಪಾಪ, ಕೊನೆಯ ಗೋಡಂಬಿಯವರೆಗೂ ತಿಂದರು.

ಅಲ್ಲಿಂದ ದುಬೈನ ಹಳೆಯ ಕೋಟೆಯ ಹಿಂದಿನ ಕೇರಿಗೆ ಹೋದೆವು. ಮಣ್ಣಿನ ಬಣ್ಣದ ಮನೆಗಳು, ಇಕ್ಕಟ್ಟಿನ ಓಣಿಗಳು, ಮಾಳಿಗೆಯ ಮೇಲೆ ಚೌಕನೆಯ ಗಾಳಿಗೋಪುರಗಳು. ನನ್ನ ಹನ್ನೆರಡನೆಯ ಪುಟ! "ಕರೆಂಟ ಇಲ್ಲದ ಕಾಲದಾಗ ಇವ ಇವರ ಎ.ಸಿ.ರಿ! ಮ್ಯಾಲ ಗಾಳಿ ಹಿಡದು ಕೆಳಗ ಇಳಸ್ತಿದ್ವು. ನಿಮ್ಮ ಮಗಾ ಆಗ ಇದ್ದಿದ್ರ ಕೆಲಸ ಇರ್ತಿದ್ದಿಲ್ಲ!"

"ಹೌದ? ಅಲ್ಲಾ, ಸತ್ವ ಇನ್ನೂ ಬರಲಿಲ್ಲಲ್ಲ?" ಎಂದು ಅತ್ತೆ ಒಂದು ಕಟ್ಟೆಯ ಮೇಲೆ ಕೂತು ಸಂಚಿ ಬಿಚ್ಚಿದರು. ಒಳಗೆ ಕಾಗದದಲ್ಲಿ ಸುತ್ತಿದ ಬೆಲ್ಲದ ಹೆಂಟೆ! ಅದನ್ನು ನೋಡಿ ಮತ್ತೆ ಕಟ್ಟಿಟ್ಟರು.

ವಯಸ್ಸಾದವರು ಬೆಲ್ಲ ಕಟ್ಟಿಕೊಂಡು ತಿರುಗುವುದೆಂದರೇನು? ತಲೆ ಸುತ್ತುತ್ತಿರಬೇಕು! ಶಕ್ತಿ ಉಡುಗಿರಬೇಕು! ಅದಕ್ಕೇ ಬೆಳಗಿನಿಂದ ಸತ್ವ ಸತ್ವ ಎನ್ನುತ್ತಿದ್ದಾರೆ! ನಮ್ಮ ಯಜಮಾನರಿಗೆ ಫೋನ್ ಹಚ್ಚಿದೆ.

"ರೀ, ಅತ್ಯಾರು ಸತ್ವ ಇಲ್ಲ ಅನ್ನಾಕತ್ತಾರ!"

"ಅಂದ್ರ? ನೀ ಏನೂ ತಿನ್ನಿಸಿಲ್ಲೇನು?"

"ಇಡ್ಲಿ, ಪೊಂಗಲ್, ಶಿರಾ!"

"ಬಿಸಲಾಗ ಅದೇನು ಸಾಕಾಕ್ಕೈತಿ? ಖರ್ಜೂರ ತಿನ್ನಸು. ಜ್ಯೂಸ್ ಕುಡಸು. ಪ್ರೆಷರ್ ಕಡಿಮಿ ಆಗಿರ್ತೈತಿ, ಗ್ಯಾಸ್ ತುಂಬಿದ್ರ ಸರಿ ಹೊಕ್ಕೈತಿ!"

ತಾಯಿಗೂ ಎ.ಸಿ.ಗೂ ಒಂದೇ ಔಷಧ ಹೇಳುವ ಮಗ! ಆದರೆ ಆ ಹೊತ್ತಿಗೆ ನನಗದು ವೇದವಾಕ್ಯ. ಬಾದಾಮಿ ತುಂಬಿದ ಖರ್ಜೂರದ ಡಬ್ಬಿ ಕೊಂಡು ಒಂದೊಂದೇ ಬಾಯಿಗೆ ಇಟ್ಟೆ. ಅತ್ತೆ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಒಂದು ಖರ್ಜೂರ ಒಳಗೆ ಹೋಯಿತು. ಏಳು ಸಲ ಬಾಯಿ ತೆರೆದರು.

ಎಂಟನೆಯ ಸಲ ಕೈ ಅಡ್ಡ ಹಿಡಿದು ಕೇಳಿದರು: "ಸತ್ವ ಭಾಳ ದೂರ ಉಳೀತೇನವ್ವಾ?"

ನನ್ನ ಕಣ್ಣು ತುಂಬಿ ಬಂತು. "ಹಂಗ ಅನಬ್ಯಾಡ್ರಿ ಅತ್ಯಾರ. ವಯಸ್ಸಾದಂಗ ಎಲ್ಲಾರಿಗೂ ಸತ್ವ ದೂರ ಆಗೂದ. ಶಿವಾ ಅದಾನ."

ಅತ್ತೆ ಬಾಯೊಳಗಿನ ಖರ್ಜೂರ ನುಂಗಿದರು. "ಶಿವಾ ಅದಾನ ಖರೆ. ಆದ್ರ ದಾರಿ ನೀ ಹೇಳಬೇಕಲ್ಲ?" ಎಂದರು. ನಾನು ಅದನ್ನು ವೇದಾಂತವೆಂದು ತಿಳಿದು ಮನಸ್ಸಿನಲ್ಲೇ ಕೈಮುಗಿದೆ!

ಜ್ಯೂಸ್ ಅಂಗಡಿಯಲ್ಲಿ ಬೆಣ್ಣೆಹಣ್ಣು, ಹಾಲು, ಜೇನು ರುಬ್ಬಿದ ಹಸಿರು ಪಾನಕ ಮಗ್ ತುಂಬ ಬಂತು. ಅದರ ಬಣ್ಣ ನೋಡಿದ್ದೇ ತಡ ಅತ್ತೆಯ ಮುಖ ಅರಳಿತು. "ಬೇವಿನ ತಪ್ಪಲ ಅರದಾರೇನು?"

"ಬೇವಲ್ಲರಿ, ಬೆಣ್ಣಿಹಣ್ಣು. ಸತ್ವದ ಗಣಿ!"

ಮುಖ ಮತ್ತೆ ಬಾಡಿತು. ಆದರೂ ಕುಡಿದರು. ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಸೀರೆಯ ನೆರಿಗೆ ಸಡಿಲ ಮಾಡಿಕೊಂಡು ಕುಡಿದರು.

ಇನ್ನು ನನ್ನ ನೋಟುಬುಕ್ಕಿನ ಶಿಖರ ಉಳಿದಿತ್ತು. ಕ್ರೀಕ್! ಸಮುದ್ರ ಊರೊಳಗೆ ನಾಲಿಗೆ ಚಾಚಿದ ಹಾಗೆ ಹರಿಯುವ ನೀರು. ಈ ದಡ ಬರ್‌ದುಬೈ, ಆ ದಡ ದೇರಾ. ನಡುವೆ ಅಬ್ರಾ ಎಂಬ ಕಟ್ಟಿಗೆಯ ದೋಣಿಗಳು. ಜನಜಂಗುಳಿಯಲ್ಲಿ ಅತ್ತೆಯನ್ನು ಹತ್ತಿಸಿ, ದೋಣಿ ನಡೆಸುವವನ ಪಕ್ಕದಲ್ಲೇ ಕೂರಿಸಿ, ಮೂವತ್ತೊಂದನೆಯ ಪುಟ ತೆರೆದೆ.

"ಇದರಾಗ ಮೊದಲ ಮುತ್ತಿನ ಹಡಗ..."

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಬಗ್ಗಿ ದೋಣಿಯವನ ತೋಳು ತಟ್ಟಿದರು. "ಏ ಯಪ್ಪಾ, ಸತ್ವ?"

ಗಡ್ಡದ ಆ ಮನುಷ್ಯನಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ಗುಳೇದಗುಡ್ಡ ಎಲ್ಲಿದೆಯೆಂದು ಅವನ ಅಜ್ಜನಿಗೂ ಗೊತ್ತಿರಲಿಕ್ಕಿಲ್ಲ. ಅವನು ಚುಕ್ಕಾಣಿ ಬಿಡದೆ, ನಗುತ್ತ, ಒಂದು ಅಂಗೈ ತಿರುವಿ ಹೇಳಿದ:

"ಸತ್ವಾ ಮಾಫಿ, ಮಾಂಜೀ! ಯೇ ದೇರಾ ಜಾತಾ ಹೈ. ಸತ್ವಾ ಉಧರ್!" ಎಂದು ಬೆನ್ನ ಹಿಂದಿನ ದಡಕ್ಕೆ ಕೈ ತೋರಿಸಿದ.

ಸತ್ವಾ.

ದುಬೈನ ಸತ್ವಾ ಬಡಾವಣೆ! ದರ್ಜಿ ಅಂಗಡಿಗಳ ಹಳೆಯ ಸತ್ವಾ! ಬಸ್ಸಿನ ಹಣೆಯ ಮೇಲೆ ಬರೆದಿರುತ್ತದೆ, ನೂರು ಸಲ ಓದಿದ್ದೇನೆ!

ನನ್ನ ಕೈಯಿಂದ ನೋಟುಬುಕ್ಕು ಜಾರಿ ದೋಣಿಯ ತಳಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

"ಅತ್ಯಾರ... ನೀವು ಕೇಳಿದ್ದು ಊರಿನ ಸತ್ವಾನ?"

"ಮತ್ತ? ಮುಂಜಾನಿಂದ ಅದನ್ನ ಕೇಳಾಕತ್ತೀನಿ. ನೀ ತಿನ್ನಸಾಕತ್ತಿ!"

ಅವರು ಸಂಚಿಯಿಂದ ಬೆಲ್ಲದ ಹೆಂಟೆ ತೆಗೆದರು. ಅದರ ಕೆಳಗೆ ನಾಲ್ಕು ಮಡಿಕೆಯ ನೀಲಿ ಏರ್‌ಮೇಲ್ ಕಾಗದವೊಂದಿತ್ತು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು. "ಓದು. ಹೆಸರು ನಾ ಹೇಳೂದಿಲ್ಲ, ನೀನ ಓದು," ಅಂದರು. ಗಂಡನ ಹೆಸರನ್ನು ಅವರು ಇವತ್ತಿಗೂ ಬಾಯಿಬಿಟ್ಟು ಹೇಳುವವರಲ್ಲ.

ಹೊನ್ನಪ್ಪ, ಟೇಲರ್, ಸತ್ವ, ದುಬೈ. ನನ್ನ ಮಾವ!

ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡ ಮಾವ ಒಂದು ಕಾಲಕ್ಕೆ ಅರಬರ ದೇಶದಲ್ಲಿ ಹೊಲಿಗೆ ಕೆಲಸ ಮಾಡಿದ್ದರೆಂದು ಗೊತ್ತಿತ್ತು. ಯಾವ ದೇಶ, ಯಾವ ಊರು ಎಂದು ಕೇಳಿರಲಿಲ್ಲ. ನೋಡಿ, ನಮ್ಮ ಭಾಷೆಯಲ್ಲಿ ಕೇಳುವುದೆಂದರೆ ಎರಡು. ಕಿವಿಯಿಂದ ಕೇಳುವುದು ಒಂದು, ಬಾಯಿಂದ ಕೇಳುವುದು ಇನ್ನೊಂದು. ಒಂದರಲ್ಲಿ ಪ್ರವೀಣೆಯೆಂದು ಬೀಗಿ ಇನ್ನೊಂದನ್ನು ಮರೆತೇಬಿಟ್ಟಿದ್ದೆ. ಆವತ್ತಂತೂ ಎರಡನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದೆ!

ಕಾಗದದ ಕೊನೆಯಲ್ಲಿ ಮಾವ ಬರೆದಿದ್ದರು: "ಅಂಗಡಿ ಮುಂದ ಒಂದು ಬೇವಿನ ಸಸಿ ಹಚ್ಚೀನಿ. ಬರೂ ಯುಗಾದಿಗೆ ತಪ್ಪಲ ಆಗಬಹುದು. ಇಲ್ಲೆ ಊರ ಬೆಲ್ಲ ಸಿಗೂದಿಲ್ಲ. ನೀ ಬರುವಾಗ ಬೆಲ್ಲ ತಗೊಂಡು ಬಾ."

"ಕರಸ್ಕೋತೀನಿ ಅಂದಿದ್ರು," ಅತ್ತೆ ನೀರು ನೋಡುತ್ತ ಹೇಳಿದರು. "ಆಗಲಿಲ್ಲ. ಅವರ ತಿರುಗಿ ಊರಿಗೆ ಬಂದ್ರು. ಮೂವತ್ತೊಂಬತ್ತ ವರ್ಷ ಆತು. ಈಗ ಬಂದೀನಿ, ಬೆಲ್ಲ ತಂದೀನಿ."

ಅವನಿಗೇನಾದರೂ ಹೇಳುವುದಿದ್ದರೆ ಹೇಳಲಿ ಎಂದು ದಿನವೂ ದೇವರ ಮುಂದೆ ಕೂರುತ್ತೇನೆ ಎಂದೆನಲ್ಲ? ಹೇಳಿದ. ಅಬ್ರಾದವನ ಬಾಯಿಂದ ಹೇಳಿದ.

ದೋಣಿ ಮಾತ್ರ ನಿಷ್ಠೆಯಿಂದ ತಪ್ಪು ದಡಕ್ಕೇ ಹೋಗುತ್ತಿತ್ತು! ದೇರಾದಲ್ಲಿ ಇಳಿದು, ಮತ್ತೆ ಸಾಲಿನಲ್ಲಿ ನಿಂತು, ಅದೇ ಅಬ್ರಾ ಹತ್ತಿದೆವು. ದೋಣಿಯವ ಅತ್ತೆಯನ್ನು ಕಂಡು, "ಸತ್ವಾ?" ಎಂದ. "ಸತ್ವಾ!" ಎಂದರು ಅತ್ತೆ. ಅವರಿಬ್ಬರಿಗೆ ಅಷ್ಟು ಸಾಕಿತ್ತು.

ಟ್ಯಾಕ್ಸಿ ಹಿಡಿದು ಸತ್ವಾ ಮುಟ್ಟಿದಾಗ ಇಳಿಹೊತ್ತು. ಹಬ್ಬದ ಬಟ್ಟೆಯೆಲ್ಲ ಹೊಲಿದು ಮುಗಿಸಿದ ದರ್ಜಿಗಳು ಅಂಗಡಿ ಮುಚ್ಚಿ ಮಲಗಿದ್ದರೋ ಏನೋ, ಓಣಿಗೆ ಓಣಿಯೇ ಶಟರ್ ಎಳೆದಿತ್ತು. ಕಾಗದದಲ್ಲಿ ಅಂಗಡಿಯ ಹೆಸರಿರಲಿಲ್ಲ. ಇದ್ದಿದ್ದರೂ ಅಷ್ಟು ವರ್ಷದ ಅಂಗಡಿ ಎಲ್ಲಿ ಉಳಿದಿರುತ್ತದೆ? ಮರ ಸಿಗಬಹುದೇ ಎಂದು ನೋಡಿದರೆ ಅಯ್ಯೋ ಶಿವನೇ! ಒಂದಲ್ಲ, ಎರಡಲ್ಲ, ಓಣಿಯುದ್ದಕ್ಕೂ ಬೇವಿನ ಮರಗಳು! ಒಂಬತ್ತು ಎಣಿಸಿದೆ. ಎಲ್ಲದರಲ್ಲೂ ಬಿಳಿ ಹೂ.

"ಯಾವುದಂತ ಹ್ಯಾಂಗ ಗೊತ್ತಾಗೂದ್ರಿ ಅತ್ಯಾರ?" ಎಂದೆ. ನಾಳೆಯೇ ವಿಮಾನ. ಬೆಳಿಗ್ಗೆಯೇ ಬಂದಿದ್ದರೆ ಯಾರನ್ನಾದರೂ ವಿಚಾರಿಸಬಹುದಿತ್ತು, ಹುಡುಕಬಹುದಿತ್ತು. ಆ ಹೊತ್ತನ್ನೆಲ್ಲ ನಾನು ಖರ್ಜೂರಕ್ಕೆ ಕೊಟ್ಟಿದ್ದೆ.

ಅತ್ತೆ ಒಂದೊಂದೇ ಮರದ ಬುಡಕ್ಕೆ ಹೋಗಿ, ತಲೆ ಎತ್ತಿ, ಕಾಂಡವನ್ನು ಮೇಲಿಂದ ಕೆಳಗೆ ನೋಡುತ್ತ ಬಂದರು. ಆರನೆಯದರ ಮುಂದೆ ನಿಂತರು. ಅದು ನೆಟ್ಟಗೆ ಹೊರಟು, ನಡುವೆ ಎಡಕ್ಕೆ ಹೊರಳಿ, ಮತ್ತೇನೋ ನೆನಪಾದ ಹಾಗೆ ಬಲಕ್ಕೆ ತಿರುಗಿತ್ತು.

"ಇದ ನೋಡು," ಅಂದರು.

"ಹ್ಯಾಂಗ ಗೊತ್ತಾತ್ರಿ?"

"ಅವರ ಹೊಲಿಗಿ ಇದ್ದಂಗ ಐತಿ. ಖರೆ ಸೊಟ್ಟ!" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನನ್ನ ಮದವಿ ಕುಬಸ ಅವರ ಹೊಲದಿದ್ರು. ಒಂದ ತೋಳ ಉದ್ದ, ಒಂದ ತೋಳ ಗಿಡ್ಡ. ಇಡೀ ಮದವಿ ನಾ ಒಂದ ಕೈ ಮುಚ್ಚಿಕೊಂಡ ನಿಂತಿದ್ದೆ."

ಕೈಗೆಟುಕುವ ಕೊಂಬೆಯಿಂದ ಒಂದು ಹೂಗೊಂಚಲು, ನಾಲ್ಕು ಚಿಗುರೆಲೆ ಕಿತ್ತರು. ಬೆಲ್ಲದ ಹೆಂಟೆ ಮುರಿದರು. ಮೊದಲ ಚೂರನ್ನು ಬೇವಿನೊಂದಿಗೆ ಮರದ ಬುಡದಲ್ಲಿಟ್ಟು ಕೈಮುಗಿದರು. ನಾನೂ ಮುಗಿದೆ. ಎರಡನೆಯದನ್ನು ತಾವು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು. ಮೂರನೆಯದನ್ನು ನನ್ನ ಬಾಯಿಗಿಟ್ಟರು.

"ಈಗ ನೋಡು, ಸತ್ವ ಅಂದ್ರ ಇದು!"

ಕಹಿಯೆಂದರೆ ಕಹಿ! ಕಣ್ಣಲ್ಲಿ ನೀರು ಬಂತು. ಎಲ್ಲವೂ ಬೇವಿನದೇ ಎಂದು ಹೇಳಲಾರೆ.

ಆಗ ನಮ್ಮವರ ಫೋನ್. "ಏನ್ ಗೈಡ್ ಮೇಡಂ, ಅವ್ವಗ ಸತ್ವ ಬಂತೇನು?"

"ಅತ್ಯಾರಿಗೆ ಸತ್ವ ಬರಲಿಲ್ಲರಿ, ಅವರ ಸತ್ವಾಕ್ಕ ಬಂದ್ರು!" ಎಂದು ನಡೆದದ್ದನ್ನೆಲ್ಲ ಹೇಳಿದೆ.

"ಅಪ್ಪ ದುಬೈನಾಗ ಇದ್ದದ್ದು ಗೊತ್ತಿತ್ತು," ಎಂದರು ಸಣ್ಣ ದನಿಯಲ್ಲಿ. "ಸತ್ವಾದಾಗ ಅಂತ ಅವ್ವ ಯಾಕ ನನಗ ಹೇಳಲಿಲ್ಲ?"

ಅತ್ತೆ ಫೋನ್ ಕಸಿದುಕೊಂಡರು. "ನೀ ಯಾವಾಗ ಕೇಳಿದ್ಯೋ ಸಿದ್ದೇಶಾ?"

ಮೆಲ್ಲಗೆ ಮಾತು ಬದಲಿಸಿ ಇವರು, "ಇರಲಿ, ಸಂಜಿಗೆ ಊಟಕ್ಕ ಏನ್ ಮಾಡ್ತೀರಿ?" ಎಂದರು. ಅತ್ತೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಎರಡೂ ಅಂಗೈ ತಿರುವಿ ಹೇಳಿದರು:

"ಊಟ ಮಾಫಿ!"

ವಾಪಸು ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಸಂಚಿಯಿಂದ ಬೇವಿನ ಹೂವಿನ ಘಮ ಬರುತ್ತಿತ್ತು. ನನ್ನ ನೋಟುಬುಕ್ಕು ಅಬ್ರಾದಲ್ಲೇ ಉಳಿದಿತ್ತು. ದೋಣಿಯವ ಓದಿಕೊಳ್ಳಲಿ, ಅವನಿಗೆ ಬೇಗ ಅರ್ಥವಾಗುತ್ತದೆ. ಮಾತು ತಡೆದುಕೊಳ್ಳಲು ನೋಡಿದೆ. ಆಗಲಿಲ್ಲ.

"ಅತ್ಯಾರ, ಇಡೀ ದಿನ ನಿಮ್ಮ ಒಂದ ಮಾತು ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಭಾಳ ದೊಡ್ಡ ತಪ್ಪ ಆತು. ಮಾಫಿ ಮಾಡ್ರಿ."

ಅತ್ತೆ ನನ್ನ ಮುಖ ನೋಡಿದರು. ಬೇವಿನ ವಾಸನೆಯ ಎರಡೂ ಅಂಗೈಗಳನ್ನು ನಿಧಾನವಾಗಿ ತಿರುವಿದರು.

"ತಪ್ಪ? ಮಾಫಿ!"

ಅದು ಗುಳೇದಗುಡ್ಡದ ಮಾಫಿಯೋ ದುಬೈನ ಮಾಫಿಯೋ ನಾನು ಕೇಳಲಿಲ್ಲ. ಕೆಲವನ್ನು ಕೇಳದೆ ಇರಲೂ ಕಲಿಯಬೇಕು.

ಬಸ್ಸು ಊರು ದಾಟಿತು. ಅತ್ತೆ ಮೊಣಕೈಯಿಂದ ತಿವಿದರು. "ಯಾಕವ್ವಾ ಸುಮ್ಮನಾದಿ? ಅದೇನೋ ಮುತ್ತಿನ ಹಡಗಿನ ಕಥಿ ಅರ್ಧಕ್ಕ ಬಿಟ್ಟೆಲ್ಲ, ಮುಂದ ಏನಾತು?"

"ನೀವ ಹೇಳ್ರಿ ಅತ್ಯಾರ. ಆ ಮದವಿ ಕುಬಸದ್ದು, ಮಾವನವರದು. ನಾ ಕೇಳ್ತೀನಿ," ಎಂದು ಅವರ ಕಡೆಗೆ ತಿರುಗಿ ಕೂತು, ನಾನೂ ಎರಡು ಅಂಗೈ ತಿರುವಿದೆ. "ಇವತ್ತಿಗೆ ನಂದು ಮಾತು ಮಾಫಿ!"